ನೀಲಿ ಪರದೆಯ ಹೊಣೆ ಯಾರದು?

2011ರ ಡಿಸೆಂಬರ್‌ನಲ್ಲಿ ವೆಬ್‌ಡೆವಿಲ್ ಎಂಬ ಗುಪ್ತನಾಮದ ಸಂಶೋಧಕರೊಬ್ಬರು ಟ್ವಿಟರ್‌ನಲ್ಲಿ ಒಂದು ಸಾಲು ಹಾಕಿದರು. ವೆಬ್ ಪುಟದಲ್ಲಿ ಐಫ್ರೇಮ್ ಒಂದನ್ನಿಟ್ಟು ಅದರ ಎತ್ತರ 18082563 ಎಂದು ನಮೂದಿಸಿ, 64-ಬಿಟ್ ವಿಂಡೋಸ್ 7ರಲ್ಲಿ ಸಫಾರಿ ಬ್ರೌಸರ್‌ನಿಂದ ಆ ಪುಟ ತೆರೆದರೆ ವಿಂಡೋಸ್ ಪೂರ್ತಿ ಕುಸಿದಾಗ ಕಾಣುವ ನೀಲಿ ಪರದೆ ಬರುತ್ತದೆ ಎಂಬುದು ಅದರ ತಿರುಳು. ಐಫ್ರೇಮ್ ಎಂದರೆ ಒಂದು ಪುಟದೊಳಗೆ ಇನ್ನೊಂದು ಪುಟವನ್ನು ತೋರಿಸಲು ಬಳಸುವ ಚೌಕಟ್ಟು. ಅದಕ್ಕೆ ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಮಿಕ್ಕಿದ ಎತ್ತರ ಕೊಟ್ಟದ್ದಷ್ಟೇ ಇಲ್ಲಿ ನಡೆದ ಕಿತಾಪತಿ. ವೈರಸ್ ಇಲ್ಲ, ಡೌನ್‌ಲೋಡ್ ಇಲ್ಲ, ಯಾವ ಬಟನ್ನನ್ನೂ ಒತ್ತಬೇಕಿಲ್ಲ. ಪುಟ ತೆರೆದುಕೊಳ್ಳುತ್ತಿದ್ದಂತೆ ಕಂಪ್ಯೂಟರ್ ಕೈಚೆಲ್ಲುತ್ತಿತ್ತು. ಉಳಿಸದೆ ಬಿಟ್ಟಿದ್ದ ಪತ್ರ, ಅರ್ಧ ತುಂಬಿದ ಅರ್ಜಿ, ಪಕ್ಕದಲ್ಲಿ ನಡೆಯುತ್ತಿದ್ದ ಲೆಕ್ಕಪತ್ರ ಎಲ್ಲವೂ ಒಟ್ಟಿಗೆ ಹೋಗುತ್ತಿದ್ದವು.

ಸುದ್ದಿ ಓದಿದವರಿಗೆ ಮೊದಲು ಹೊಳೆಯುವುದು ಸಫಾರಿ ಸರಿಯಿಲ್ಲ ಎಂದೇ. ಅದೇ ಪುಟವನ್ನು ಬೇರೆ ಬ್ರೌಸರ್‌ನಲ್ಲಿ ತೆರೆದರೆ ಏನೂ ಆಗದಿದ್ದಾಗ, ಸಫಾರಿಯಲ್ಲಿ ಮಾತ್ರ ಯಂತ್ರ ಬೀಳುತ್ತಿದ್ದಾಗ, ಇನ್ನೇನು ಸಾಕ್ಷಿ ಬೇಕು? ಈ ತರ್ಕ ಎಷ್ಟು ಸಹಜವೋ ಅಷ್ಟೇ ತಪ್ಪು. ಅದು ಏಕೆ ತಪ್ಪು ಎಂದು ತಿಳಿದರೆ ಆಪರೇಟಿಂಗ್ ಸಿಸ್ಟಂ ಇರುವುದು ಯಾತಕ್ಕೆ ಎಂಬುದೂ ತಿಳಿಯುತ್ತದೆ.

ಪ್ರೊಸೆಸರ್ ಎರಡು ಬಗೆಯ ಅಧಿಕಾರದಲ್ಲಿ ಕೆಲಸ ಮಾಡುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ಪೂರ್ಣ ಅಧಿಕಾರ. ಮೆಮೊರಿಯ ಯಾವ ಮೂಲೆಯನ್ನಾದರೂ ಅದು ಮುಟ್ಟಬಹುದು, ಡಿಸ್ಕಿಗೂ ಪರದೆಗೂ ನೇರ ಆಜ್ಞೆ ಕೊಡಬಹುದು. ಬ್ರೌಸರ್, ವರ್ಡ್ ಪ್ರೊಸೆಸರ್, ಆಟ, ಹಾಡು ನುಡಿಸುವ ಆ್ಯಪ್ ಇವೆಲ್ಲ ಬಳಕೆದಾರ ಮಟ್ಟದವು. ತಮಗೆ ಹಂಚಿಕೊಟ್ಟ ಮೆಮೊರಿಯಾಚೆಗೆ ಕೈಚಾಚಿದರೆ ಪ್ರೊಸೆಸರೇ ಅವನ್ನು ತಡೆಯುತ್ತದೆ. ಪರ್ಸನಲ್ ಕಂಪ್ಯೂಟರುಗಳಲ್ಲಿ ಈ ಗಡಿಯನ್ನು ಗಟ್ಟಿಯಾಗಿ ಹಾಕಲು ಬೇಕಾದ ಯಂತ್ರಾಂಶವನ್ನು 1985ರ ಇಂಟೆಲ್ 80386 ಪ್ರೊಸೆಸರ್ ಒದಗಿಸಿತು. ಬ್ರೌಸರ್‌ಗೆ ಫೈಲ್ ಬೇಕಾದರೆ, ಪರದೆಯ ಮೇಲೆ ಗೆರೆ ಎಳೆಯಬೇಕಾದರೆ, ಅದು ಕರ್ನಲ್ ಮುಂದೆ ಬೇಡಿಕೆ ಇಡಬೇಕು. ಬ್ಯಾಂಕಿನ ಕೌಂಟರಿನಲ್ಲಿ ಗಾಜಿನ ಈಚೆ ನಿಂತು ಚಲನ್ ತುಂಬಿ ಒಳಗೆ ಸರಿಸುತ್ತೇವಲ್ಲ, ಹಾಗೆ. ಗ್ರಾಹಕ ಚಲನ್‌ನಲ್ಲಿ ಏನನ್ನಾದರೂ ಗೀಚಿರಬಹುದು. ಅದನ್ನು ಓದಿ, ಪರಿಶೀಲಿಸಿ, ತಪ್ಪಿದ್ದರೆ ತಿರಸ್ಕರಿಸುವುದು ಒಳಗಿರುವವರ ಕೆಲಸ. ತಪ್ಪು ಚಲನ್ ಬಂತೆಂದು ಖಜಾನೆಯ ಬಾಗಿಲು ಕಳಚಿಬಿದ್ದರೆ ದೂರಬೇಕಾದ್ದು ಗ್ರಾಹಕನನ್ನಲ್ಲ.

ಆದ್ದರಿಂದ ಬ್ರೌಸರ್‌ನಲ್ಲಿ ದೋಷವಿದ್ದರೆ ಬ್ರೌಸರ್ ಸಾಯಬೇಕು. ಆಪರೇಟಿಂಗ್ ಸಿಸ್ಟಂ ಸತ್ತರೆ ದೋಷ ಅದರ ಕರ್ನಲ್‌ನಲ್ಲಿದೆ, ಇಲ್ಲವೇ ಸಾಧನಗಳನ್ನು ನಡೆಸಲೆಂದು ಕರ್ನಲ್ ತನ್ನೊಳಗೆ ಬಿಟ್ಟುಕೊಂಡ ಡ್ರೈವರ್‌ನಲ್ಲಿದೆ, ಅಪರೂಪಕ್ಕೆ ಯಂತ್ರಾಂಶದಲ್ಲಿದೆ. ಬ್ರೌಸರ್ ಎಷ್ಟೇ ಕೆಟ್ಟದಾಗಿ ಬರೆದದ್ದಾಗಿರಲಿ, ದುರುದ್ದೇಶದಿಂದಲೇ ಬರೆದದ್ದಾಗಿರಲಿ, ಈ ಮಾತು ಬದಲಾಗುವುದಿಲ್ಲ.

ಸಫಾರಿ ಪ್ರಕರಣದಲ್ಲಿ ನಡೆದದ್ದೂ ಇದೇ. ಆ ಅತಿ ಎತ್ತರದ ಚೌಕಟ್ಟನ್ನು ವಿಂಡೋಸ್‌ನ ಥೀಮಿಗೆ ತಕ್ಕಂತೆ ಬಿಡಿಸಿಕೊಡು ಎಂದು ಸಫಾರಿ ಕೇಳಿತು. ಬೇಡಿಕೆ ಹಲವು ಪದರ ದಾಟಿ ವಿನ್32ಕೆ ಎಂಬ ಕರ್ನಲ್ ಭಾಗದೊಳಗಿನ ಎನ್‌ಟಿಜಿಡಿಐಡ್ರಾಸ್ಟ್ರೀಮ್ ಎಂಬ ಫಂಕ್ಷನ್‌ಗೆ ತಲುಪಿತು. ಅದು ಕೈಗೆ ಬಂದ ಅಳತೆಯನ್ನು ಸರಿಯಾಗಿ ಪರೀಕ್ಷಿಸದೆ ಕೆಲಸ ಶುರುಮಾಡಿ, ತನ್ನದಲ್ಲದ ಮೆಮೊರಿಯ ಮೇಲೆ ಬರೆಯಿತು. 2012ರ ಫೆಬ್ರವರಿ 14ರಂದು ಮೈಕ್ರೋಸಾಫ್ಟ್ ಇದಕ್ಕೆ ಪ್ಯಾಚ್, ಅಂದರೆ ದೋಷ ತಿದ್ದುವ ತೇಪೆ, ಕೊಟ್ಟಿತು. ಪ್ಯಾಚ್ ಬಂದದ್ದು ವಿಂಡೋಸ್‌ಗೆ, ಅದೂ ಎಕ್ಸ್‌ಪಿಯಿಂದ 7ರವರೆಗಿನ ಆವೃತ್ತಿಗಳಿಗೆ. ಇದನ್ನು ಬರೀ ಕ್ರ್ಯಾಶ್ ಎಂದು ಕಡೆಗಣಿಸುವಂತಿರಲಿಲ್ಲ. ಬೇಕಾದ ಜಾಗಕ್ಕೆ ಬೇಕಾದದ್ದನ್ನು ಬರೆಯುವ ಕೌಶಲವಿದ್ದವನು ಇದೇ ದಾರಿಯಲ್ಲಿ ಕರ್ನಲ್‌ನ ಅಧಿಕಾರವನ್ನೇ ಕೈಗೆ ತೆಗೆದುಕೊಳ್ಳಬಹುದಿತ್ತು.

ನೀಲಿ ಪರದೆಯನ್ನು ನಾವು ಅಪಘಾತದಂತೆ ನೋಡುತ್ತೇವೆ. ನಿಜದಲ್ಲಿ ಅದು ಕರ್ನಲ್ ಬೇಕೆಂದೇ ತೆಗೆದುಕೊಂಡ ನಿರ್ಧಾರ. ಒಂದು ಆ್ಯಪ್ ಕೆಟ್ಟರೆ ಅದನ್ನು ಮುಚ್ಚಲು ಕರ್ನಲ್ ಇದೆ. ಕರ್ನಲ್ಲೇ ಕೆಟ್ಟರೆ ಅದಕ್ಕೂ ಮೇಲಿನವರಿಲ್ಲ. ತನ್ನ ದಾಖಲೆಗಳು ಕಲಸಿಹೋಗಿವೆ ಎಂದು ಗೊತ್ತಾದ ಮೇಲೂ ಮುಂದುವರಿದರೆ ಕೆಟ್ಟ ಮಾಹಿತಿ ಡಿಸ್ಕಿಗೂ ಹೋಗಬಹುದು. ಆಗ ಕಳೆದುಹೋಗುವುದು ಇವತ್ತಿನ ಪತ್ರವೊಂದೇ ಅಲ್ಲ, ಹತ್ತು ವರ್ಷದ ಫೋಟೋಗಳೂ ಹೋಗಬಹುದು. ಅದಕ್ಕೇ ಅದು ಎಲ್ಲವನ್ನೂ ನಿಲ್ಲಿಸಿ, ಕಾರಣದ ಸಂಕೇತವೊಂದನ್ನು ಪರದೆಯ ಮೇಲೆ ಬರೆದು ಯಂತ್ರವನ್ನು ಮರಳಿ ಶುರುಮಾಡುತ್ತದೆ.

ಇನ್ನು ವೆಬ್ ಪುಟವೊಂದು ಇಡೀ ಕಂಪ್ಯೂಟರನ್ನು ಬೀಳಿಸಲು ಬಳಸಿದ ಅತಿ ಹಳೆಯ ಬಾಗಿಲಿನ ಬಗ್ಗೆ. ಇಮೇಲ್ ಫಾರ್ವರ್ಡ್‌ಗಳ ಕಾಲದಲ್ಲಿ ಭಾರತದ ಉದ್ದಗಲಕ್ಕೂ ಓಡಾಡಿದ ಒಂದು ಸಂದೇಶ ಅನೇಕರಿಗೆ ನೆನಪಿರಬಹುದು: ಕಂಪ್ಯೂಟರಿನಲ್ಲಿ ‘ಕಾನ್’ ಎಂಬ ಹೆಸರಿನ ಫೋಲ್ಡರ್ ಮಾಡಲು ಯಾರಿಂದಲೂ ಆಗದು ಎಂದು ಭಾರತೀಯರೊಬ್ಬರು ಕಂಡುಹಿಡಿದಿದ್ದಾರೆ, ಕಾರಣ ಏನೆಂದು ಮೈಕ್ರೋಸಾಫ್ಟ್‌ನ ಇಡೀ ತಂಡಕ್ಕೇ ಗೊತ್ತಿಲ್ಲ! ಓದಿದವರೆಲ್ಲ ಕೂಡಲೇ ಮಾಡಿ ನೋಡುತ್ತಿದ್ದರು. ನಿಜವಾಗಿಯೂ ಆಗುತ್ತಿರಲಿಲ್ಲ. ಕಾರಣ ಮಾತ್ರ ರಹಸ್ಯವೇನಲ್ಲ, ಮೈಕ್ರೋಸಾಫ್ಟ್‌ಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕಾನ್ ಎಂಬುದು ಕನ್ಸೋಲ್ ಎಂಬುದರ ಮೊಟಕು ರೂಪ. ಕೀಬೋರ್ಡ್ ಮತ್ತು ಪರದೆ ಸೇರಿದರೆ ಕನ್ಸೋಲ್. 1981ರ ಮೊದಲ ಡಾಸ್‌ನಲ್ಲಿ, ಅದಕ್ಕೂ ಹಿಂದಿನ ಸಿಪಿ/ಎಂ ಸಂಪ್ರದಾಯವನ್ನು ಅನುಸರಿಸಿ, ಸಾಧನಗಳಿಗೂ ಫೈಲ್‌ಗಳಂತೆ ಹೆಸರಿಟ್ಟಿದ್ದರು. ಕೀಬೋರ್ಡಿನಲ್ಲಿ ಟೈಪ್ ಮಾಡಿದ್ದು ನೇರ ಫೈಲ್‌ಗೆ ಹೋಗಬೇಕಾದರೆ ‘ಕಾನ್’ ಎಂಬಲ್ಲಿಂದ ಆ ಫೈಲ್‌ಗೆ ಕಾಪಿ ಮಾಡು ಎಂದರೆ ಸಾಕಿತ್ತು. ಪ್ರಿಂಟರಿಗೆ ‘ಪಿಆರ್‌ಎನ್’, ಏನನ್ನೂ ಉಳಿಸದೆ ಎಸೆಯಲು ‘ನಲ್’. ಬಹಳ ಚೆಂದದ ಉಪಾಯ ಅದು. ಆಗ ಫೋಲ್ಡರ್ ಎಂಬುದೇ ಇರಲಿಲ್ಲ, ಒಂದು ಫ್ಲಾಪಿಯ ಫೈಲ್‌ಗಳೆಲ್ಲ ಒಂದೇ ಪಟ್ಟಿಯಲ್ಲಿರುತ್ತಿದ್ದವು.

1983ರಲ್ಲಿ ಡಾಸ್‌ನ ಎರಡನೇ ಆವೃತ್ತಿ ಫೋಲ್ಡರ್‌ಗಳನ್ನು ತಂದಾಗ ಪ್ರಶ್ನೆ ಎದ್ದಿತು: ಈ ಸಾಧನಗಳು ಯಾವ ಫೋಲ್ಡರ್‌ನಲ್ಲಿರಬೇಕು? ಹಳೆಯ ಪ್ರೋಗ್ರಾಂಗಳಿಗೆ ಫೋಲ್ಡರ್‌ನ ಕಲ್ಪನೆಯೇ ಇರಲಿಲ್ಲ. ಅವು ಸುಮ್ಮನೆ ‘ಕಾನ್’ ಎಂದು ಕರೆಯುತ್ತಿದ್ದವು. ಅವು ಕೆಡಬಾರದೆಂದು ಈ ಹೆಸರುಗಳು ಎಲ್ಲ ಫೋಲ್ಡರ್‌ಗಳಲ್ಲೂ ಇವೆ ಎಂದು ಭಾವಿಸುವ ಏರ್ಪಾಡಾಯಿತು. ನೀವು ಈ ಗಳಿಗೆಯಲ್ಲಿ ಹೊಸ ಫೋಲ್ಡರ್ ಮಾಡಿದರೆ ಅದರಲ್ಲಿ ಆಗಲೇ ಕಾಣದ ‘ಕಾನ್’ ಒಂದು ಇದ್ದಂತೆ. ಅದಕ್ಕೇ ಇನ್ನೊಂದನ್ನು ಮಾಡಲಾಗದು.

ಹದಿನೇಳು ವರ್ಷದ ನಂತರ ಈ ಏರ್ಪಾಡು ವೆಬ್ ಪುಟವೊಂದರ ಕೈಗೆ ಸಿಕ್ಕಿತು. ವಿಂಡೋಸ್ 95 ಮತ್ತು 98, ಹಾದಿಯಲ್ಲಿ ಒಂದು ಸಾಧನದ ಹೆಸರು ಬಂದರೆ ಅದನ್ನು ಗುರುತಿಸಿ ಸುಮ್ಮನಾಗುತ್ತಿದ್ದವು. ಆದರೆ ‘ಸಿ’ ಡ್ರೈವ್‌ನ ‘ಕಾನ್’ ಒಳಗಿನ ‘ಕಾನ್’ ಎಂಬಂತೆ ಎರಡು ಸಾಧನಗಳನ್ನು ಒಂದೇ ಹಾದಿಯಲ್ಲಿ ಪೋಣಿಸಿ ಕೇಳಿದರೆ ಇಡೀ ವ್ಯವಸ್ಥೆ ಕುಸಿಯುತ್ತಿತ್ತು. ಯಾರೋ ಪುಟವೊಂದರಲ್ಲಿ ಚಿತ್ರದ ವಿಳಾಸ ಬರೆಯಬೇಕಾದ ಜಾಗದಲ್ಲಿ ಆ ಹಾದಿ ಬರೆದರು ಎನ್ನಿ. ಬ್ರೌಸರ್ ನಿಷ್ಠೆಯಿಂದ ಆ ಚಿತ್ರವನ್ನು ತರಲು ಹೋಗುತ್ತದೆ, ಕಂಪ್ಯೂಟರ್ ಬೀಳುತ್ತದೆ. ಚಿತ್ರಸಹಿತವಾದ ಇಮೇಲ್‌ನಲ್ಲಿಟ್ಟರೂ ಅದೇ ಪರಿಣಾಮ. 2000ದ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಎಚ್ಚರಿಕೆಯ ಪ್ರಕಟಣೆಯೊಂದಿಗೆ ಪ್ಯಾಚ್ ಹೊರಡಿಸಿತು. ಬೇರೆಯೇ ತಳಹದಿಯ ಮೇಲೆ ಕಟ್ಟಿದ್ದ ವಿಂಡೋಸ್ ಎನ್‌ಟಿ ಮತ್ತು 2000 ಈ ಕಾಟದಿಂದ ಪಾರಾಗಿದ್ದವು.

ಪಾರಾಗಿದ್ದು ಈ ಒಂದರಿಂದ ಮಾತ್ರ. ಎನ್‌ಟಿ ವಂಶದ್ದೇ ಆದ ವಿಂಡೋಸ್ 7 ಮತ್ತು 8.1ರಲ್ಲಿ 2017ರ ಮೇ ತಿಂಗಳಲ್ಲಿ ಇದರ ತದ್ರೂಪವೊಂದು ಸಿಕ್ಕಿತು. ಎನ್‌ಟಿಎಫ್‌ಎಸ್ ಎಂಬ ವಿಂಡೋಸ್‌ನ ಫೈಲ್ ವ್ಯವಸ್ಥೆಯ ಡಿಸ್ಕಿನಲ್ಲಿ ಯಾವ ಫೈಲ್ ಎಲ್ಲಿದೆ ಎಂಬ ಮಹಾಪಟ್ಟಿಯೂ ಒಂದು ಫೈಲೇ. ಅದರ ಹೆಸರು ಡಾಲರ್ ಚಿಹ್ನೆಯಿಂದ ಶುರುವಾಗುವ ಎಂಎಫ್‌ಟಿ. ಅದನ್ನು ಫೈಲ್ ಎನ್ನದೆ ಫೋಲ್ಡರ್ ಎಂಬಂತೆ ನಟಿಸಿ, ಅದರೊಳಗೆ ‘123’ ಎಂಬ ಫೈಲ್ ಕೊಡು ಎಂದು ಕೇಳಿದರೆ ಡ್ರೈವರ್ ಮಹಾಪಟ್ಟಿಗೆ ಬೀಗ ಹಾಕಿಕೊಂಡು ಹುಡುಕಾಟಕ್ಕೆ ಹೋಗುತ್ತಿತ್ತು. ಅಂಥದ್ದೇನೂ ಇಲ್ಲ ಎಂದು ತಿಳಿದ ಮೇಲೆ ಬೀಗ ತೆಗೆಯುವುದನ್ನೇ ಬಿಡುತ್ತಿತ್ತು. ಅಲ್ಲಿಂದ ಮುಂದೆ ಡಿಸ್ಕಿನ ಯಾವ ಫೈಲ್ ಬೇಕೆಂದವರೂ ಆ ಬೀಗದ ಮುಂದೆ ಸಾಲುನಿಲ್ಲಬೇಕು. ಒಂದೊಂದಾಗಿ ಪ್ರೋಗ್ರಾಂಗಳು ಹೆಪ್ಪುಗಟ್ಟುತ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಂಥ ಬ್ರೌಸರ್, ಚಿತ್ರವೆಂದು ನಂಬಿ, ಈ ವಿಳಾಸಕ್ಕೂ ಹೋಗುತ್ತಿತ್ತು. ವಿಂಡೋಸ್ 10ಕ್ಕೆ ಈ ತೊಂದರೆ ಇರಲಿಲ್ಲ.

ವಿಂಡೋಸ್ 10ರ ಸರದಿ 2021ರ ಜನವರಿಯಲ್ಲಿ ಬಂತು. ಯೋನಸ್ ಲಿಕೆಗಾರ್ಡ್ ಎಂಬ ಸಂಶೋಧಕರು ತೋರಿಸಿಕೊಟ್ಟಂತೆ, ಕರ್ನಲ್‌ನೊಳಗಿನ ಒಂದು ಸಾಧನದ ಹಾದಿಯನ್ನು ಕ್ರೋಮ್‌ನ ವಿಳಾಸಪಟ್ಟಿಯಲ್ಲಿ ಬರೆದು ಎಂಟರ್ ಒತ್ತಿದರೆ ನೀಲಿ ಪರದೆ ಸಿದ್ಧ. ಆ ಸಾಧನಕ್ಕೆ ಸಂಪರ್ಕ ಬೆಳೆಸುವಾಗ ಜೊತೆಗೆ ಒಂದು ಹೆಚ್ಚುವರಿ ಮಾಹಿತಿ ಕೊಡಬೇಕೆಂಬ ನಿಯಮವಿತ್ತು. ಕೊಡದಿದ್ದರೆ ಏನು ಮಾಡಬೇಕೆಂಬುದನ್ನು ಯಾರೂ ಬರೆದಿರಲಿಲ್ಲ. ವಿಶೇಷ ಅಧಿಕಾರವಿಲ್ಲದ ಸಾಮಾನ್ಯ ಬಳಕೆದಾರರೂ ಇದನ್ನು ಮಾಡಬಹುದಿತ್ತು. ಫೆಬ್ರವರಿಯಲ್ಲಿ ಪ್ಯಾಚ್ ಬಂತು. ಈ ಸಾಧನದ ಹೆಸರು ‘ಕಾನ್‌ಡಿಆರ್‌ವಿ’, ಅಂದರೆ ಕನ್ಸೋಲ್ ಡ್ರೈವರ್. 1981ರ ಕನ್ಸೋಲ್, 2000ದ ಕನ್ಸೋಲ್, 2021ರ ಕನ್ಸೋಲ್! ಕೋಡ್‌ನ ಒಂದು ಸಾಲೂ ಇವುಗಳ ನಡುವೆ ಹಂಚಿಕೆಯಾಗಿರಲಿಕ್ಕಿಲ್ಲ. ಆದರೂ ಸಾಧನಕ್ಕೆ ಫೈಲಿನ ವೇಷ ಹಾಕುವ ವಿಚಾರ ಅದೇ. ಫೈಲ್ ಎಂದಮೇಲೆ ಅದಕ್ಕೊಂದು ವಿಳಾಸ ಇರಲೇಬೇಕು, ವಿಳಾಸ ಎಂದಮೇಲೆ ಬ್ರೌಸರ್‌ನಲ್ಲಿ ಅದನ್ನು ಯಾರಾದರೂ ಬರೆದೇ ಬರೆಯುತ್ತಾರೆ.

ಇವೆಲ್ಲ ಹೆಸರು, ಹಾದಿಗಳ ತೊಡಕು. ಚಿತ್ರ ಬಿಡಿಸುವ ಕೆಲಸದ ತೊಡಕು ಬೇರೆ, ಅದರ ಹಿಂದೆ ಒಂದು ಸ್ಪಷ್ಟ ಆಯ್ಕೆಯಿದೆ. ಡೇವಿಡ್ ಕಟ್ಲರ್ ಮುಂದಾಳತ್ವದಲ್ಲಿ ರೂಪುಗೊಂಡು 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಕಿಟಕಿ, ಅಕ್ಷರ, ಗೆರೆಗಳನ್ನು ಬಿಡಿಸುವ ಭಾಗ ಕರ್ನಲ್‌ನ ಹೊರಗಿತ್ತು. ಅಂದಿನ ಯಂತ್ರಗಳಲ್ಲಿ ಪ್ರತಿ ಗೆರೆಗೂ ಒಂದು ಪ್ರೊಸೆಸ್‌ನಿಂದ, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಂನಿಂದ, ಇನ್ನೊಂದಕ್ಕೆ ಹೋಗಿಬರುವುದು ನಿಧಾನವಾಗುತ್ತಿತ್ತು. 1996ರ ಎನ್‌ಟಿ 4.0ರಲ್ಲಿ ಆ ಇಡೀ ಭಾಗವನ್ನು ವಿನ್32ಕೆ ಎಂಬ ಹೆಸರಿನಲ್ಲಿ ಕರ್ನಲ್‌ನೊಳಗೆ ತಂದು ಕೂರಿಸಿದರು. ವೇಗ ಹೆಚ್ಚಿತು. ಅದರೊಂದಿಗೆ ಫಾಂಟ್ ಓದುವ ಜಟಿಲ ಕೋಡ್ ಕೂಡ ಪೂರ್ಣ ಅಧಿಕಾರದ ಕೋಣೆ ಸೇರಿತು. ಫಾಂಟ್ ಫೈಲ್ ಎಂದರೆ ಅಕ್ಷರಗಳ ಚಿತ್ರಸಂಗ್ರಹವಷ್ಟೇ ಅಲ್ಲ. ಟ್ರೂಟೈಪ್ ಫಾಂಟಿನೊಳಗೆ ಅಕ್ಷರದ ಅಂಚುಗಳನ್ನು ತಿದ್ದುವ ಪುಟ್ಟ ಪ್ರೋಗ್ರಾಂಗಳೇ ಇರುತ್ತವೆ. 1996ರಲ್ಲಿ ಫಾಂಟ್‌ಗಳು ಬರುತ್ತಿದ್ದುದು ಕೊಂಡ ಡಿಸ್ಕಿನಿಂದ. ವೆಬ್ ಪುಟಗಳು ತಮ್ಮ ಫಾಂಟನ್ನು ತಾವೇ ಹೊತ್ತು ತರುವ ಕಾಲ ಬಂದಾಗ, ಗುರುತು ಪರಿಚಯವಿಲ್ಲದವರು ಕಳಿಸಿದ ಫೈಲನ್ನು ಕರ್ನಲ್ಲೇ ಬಿಡಿಸಿ ಓದುವಂತಾಯಿತು.

2011ರಲ್ಲಿ ಬುಡಾಪೆಸ್ಟ್‌ನ ಕ್ರಿಸಿಸ್ ಪ್ರಯೋಗಾಲಯ ಬೆಳಕಿಗೆ ತಂದ ಡುಕು ಎಂಬ ಬೇಹುಗಾರಿಕೆಯ ತಂತ್ರಾಂಶ ಒಳನುಸುಳಿದ್ದು ವರ್ಡ್ ಕಡತದಲ್ಲಿ ಅಡಗಿಸಿದ್ದ ಇಂಥದ್ದೇ ಒಂದು ಫಾಂಟಿನ ಮೂಲಕ. ದುರುದ್ದೇಶದ ವೆಬ್ ಪುಟವೂ ಅದೇ ದೋಷವನ್ನು ಬಳಸಬಹುದೆಂದು ಆ ಡಿಸೆಂಬರ್‌ನ ಪ್ಯಾಚಿನೊಂದಿಗೆ ಮೈಕ್ರೋಸಾಫ್ಟ್ ಎಚ್ಚರಿಸಿತು. ಕೊನೆಗೆ ವಿಂಡೋಸ್ 10ರಲ್ಲಿ ಫಾಂಟ್ ಓದುವ ಕೆಲಸವನ್ನು ಕರ್ನಲ್‌ನಿಂದ ಹೊರಗೆ, ಅಧಿಕಾರ ಕಡಿಮೆಯಿರುವ ಪ್ರತ್ಯೇಕ ಪ್ರೊಸೆಸ್‌ಗೆ ವರ್ಗಾಯಿಸಿದರು. ಒಳಗೆ ತಂದದ್ದನ್ನು ಹೊರಗಿಡಲು ಸುಮಾರು ಎರಡು ದಶಕ ಹಿಡಿಯಿತು.

ಒಂದು ಅಕ್ಷರ ಏನೆಲ್ಲ ಮಾಡಬಲ್ಲದು ಎಂಬುದನ್ನು ನಮ್ಮ ನೆರೆಯ ಲಿಪಿಯೂ ತೋರಿಸಿದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಇದ್ದ ಸಂದೇಶ ಬಂದರೆ ಐಫೋನಿನ ಆ್ಯಪ್‌ಗಳು ಬೀಳುತ್ತಿದ್ದವು. ಆ ಒತ್ತಕ್ಷರಕ್ಕೂ ದೀರ್ಘಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಣೆ-ನಿಷೇಧದ ಸಂಕೇತವೊಂದು ಸೇರಿಕೊಂಡಿರುತ್ತಿತ್ತು. ಆ ಸರಣಿಯನ್ನು ಜೋಡಿಸಲು ಹೊರಟ ಆ್ಯಪಲ್‌ನ ಅಕ್ಷರಜೋಡಣೆಯ ತಂತ್ರಾಂಶ ದಾರಿ ತಪ್ಪುತ್ತಿತ್ತು. ನೋಟಿಫಿಕೇಶನ್‌ನಲ್ಲಿ ಬಂದರಂತೂ ಫೋನಿನ ಮುಖಪರದೆಯೇ ಮತ್ತೆಮತ್ತೆ ಬಿದ್ದೇಳುತ್ತಿತ್ತು. ಆದರೆ ಅಲ್ಲಿ ಕರ್ನಲ್ ಬೀಳಲಿಲ್ಲ, ಅಕ್ಷರ ಜೋಡಿಸುವ ಕೆಲಸ ಅದರ ಹೊರಗೆ ನಡೆಯುತ್ತಿತ್ತು. ಫೆಬ್ರವರಿ 19ರಂದು ಪರಿಹಾರ ಬಂತು. ದಕ್ಷಿಣದ ಲಿಪಿಗಳ ಒತ್ತಕ್ಷರಗಳನ್ನು ಅರ್ಥಮಾಡಿಕೊಳ್ಳುವ ಹೊಣೆ ಅವುಗಳನ್ನು ತಾವು ಮಾರುವ ಫೋನಿನಲ್ಲಿ ತೋರಿಸುವವರದು. ‘ವಿಚಿತ್ರ ಅಕ್ಷರ’ ಎಂದು ಅಂದಿನ ಸುದ್ದಿಗಳು ಬರೆದದ್ದು ನನಗಿನ್ನೂ ನೋವಿನ ವಿಷಯ. ಕೋಟ್ಯಂತರ ಜನ ದಿನವೂ ಬರೆಯುವ ಅಕ್ಷರದಲ್ಲಿ ವಿಚಿತ್ರವೇನೂ ಇಲ್ಲ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಬ್ರಿ ಹದ್ದೂಶ್ ಎಂಬ ಸಂಶೋಧಕರು ಹದಿನೈದು ಸಾಲಿನ ಪುಟವೊಂದರಿಂದ ಐಫೋನ್ ರೀಸ್ಟಾರ್ಟ್ ಆಗುವಂತೆ ಮಾಡಿದರು. ಹಿನ್ನೆಲೆಯನ್ನು ಮಸುಕಾಗಿಸುವ ಅಲಂಕಾರವನ್ನು ಒಂದರೊಳಗೊಂದರಂತೆ ಪೇರಿಸಿದ ಪುಟ ಅದು. ಪ್ರತಿ ಪದರವೂ ಗ್ರಾಫಿಕ್ಸ್ ಸಂಪನ್ಮೂಲವನ್ನು ನುಂಗುತ್ತಿತ್ತು. ಐಫೋನಿನಲ್ಲಿ ಯಾವ ಹೆಸರಿನ ಬ್ರೌಸರ್ ಹಾಕಿಕೊಂಡರೂ ಒಳಗೆ ಪುಟ ಬಿಡಿಸುವ ತಂತ್ರಾಂಶ ಆ್ಯಪಲ್‌ನ ವೆಬ್‌ಕಿಟ್ಟೇ ಇರಬೇಕೆಂಬ ನಿಯಮವಿದ್ದುದರಿಂದ ಬೇರೆ ಬ್ರೌಸರ್‌ಗೆ ಹೋದರೂ ಪಾರಾಗುವಂತಿರಲಿಲ್ಲ.

ಗ್ರಾಫಿಕ್ಸ್ ಪ್ರೊಸೆಸರನ್ನು ವೆಬ್‌ಗೆ ತೆರೆದಿಟ್ಟದ್ದು ಇನ್ನೂ ದೊಡ್ಡ ಜೂಜು. 2011ರ ಮಾರ್ಚ್‌ನಲ್ಲಿ ವೆಬ್‌ಜಿಎಲ್ ಮಾನದಂಡದ ಮೊದಲ ಆವೃತ್ತಿ ಹೊರಬಂತು. ಅದರಡಿ ವೆಬ್ ಪುಟವೇ ಗ್ರಾಫಿಕ್ಸ್ ಚಿಪ್‌ಗೆ ನೇರವಾಗಿ ಪ್ರೋಗ್ರಾಂ ಕಳಿಸಬಹುದು. ಎರಡೇ ತಿಂಗಳಲ್ಲಿ ಕಾಂಟೆಕ್ಸ್ಟ್ ಎಂಬ ಲಂಡನ್ನಿನ ಭದ್ರತಾ ಸಂಸ್ಥೆ, ತೀರಾ ಭಾರವಾದ ಪ್ರೋಗ್ರಾಂ ಕಳಿಸಿದರೆ ಇಡೀ ಯಂತ್ರ ಸ್ತಬ್ಧವಾಗುತ್ತದೆಂದು ತೋರಿಸಿತು. ಮುಖ್ಯ ಪ್ರೊಸೆಸರಿನಲ್ಲಿ ಓಡುವ ಪ್ರೋಗ್ರಾಮನ್ನು ಕರ್ನಲ್ ಕ್ಷಣಕ್ಷಣಕ್ಕೂ ತಡೆದು ಬೇರೆಯವರಿಗೆ ಸರದಿ ಕೊಡುತ್ತದೆ. ಅಂದಿನ ಗ್ರಾಫಿಕ್ಸ್ ಚಿಪ್‌ಗಳಿಗೆ ಹಾಗೆ ನಡುವೆ ನಿಲ್ಲುವ ಅಭ್ಯಾಸವಿರಲಿಲ್ಲ. ಹಿಡಿದ ಕೆಲಸ ಮುಗಿಯುವವರೆಗೆ ಪರದೆಯನ್ನು ಬಿಡಿಸುವವರೇ ಇಲ್ಲ. ಎರಡು ಸೆಕೆಂಡು ಉತ್ತರ ಬಾರದಿದ್ದರೆ ಚಿಪ್ಪನ್ನೇ ಮರುಹೊಂದಿಸುವ ಉಪಾಯವನ್ನು ವಿಂಡೋಸ್ ವಿಸ್ಟಾ ತಂದಿತ್ತು. ಎಕ್ಸ್‌ಪಿಯಲ್ಲಿ ಆ ರಕ್ಷಣೆ ಇರಲಿಲ್ಲ. ಜೂನ್‌ನಲ್ಲಿ ಮೈಕ್ರೋಸಾಫ್ಟ್ ವೆಬ್‌ಜಿಎಲ್ ಅಪಾಯಕಾರಿ, ತಾನು ಒಪ್ಪಲಾರೆ ಎಂದು ಸಾರಿತು. 2013ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರಲ್ಲಿ ಅದನ್ನೇ ಅಳವಡಿಸಿಕೊಂಡಿತು. ನನ್ನ ದೃಷ್ಟಿಯಲ್ಲಿ ಆ ಆಕ್ಷೇಪ ಸರಿಯಾಗಿತ್ತು, ಅಳವಡಿಸಿಕೊಂಡದ್ದೂ ಸರಿಯೇ. ಪುಟ ಕಳಿಸಿದ ಪ್ರೋಗ್ರಾಮನ್ನು ಮೊದಲು ಶೋಧಿಸಿ ನೋಡುವ, ಗ್ರಾಫಿಕ್ಸ್ ಕೆಲಸಕ್ಕೆ ಪ್ರತ್ಯೇಕ ಪ್ರೊಸೆಸ್ ಇಡುವ ಕ್ರಮಗಳು ಬಲಗೊಂಡದ್ದು ಇಂಥ ವಾಗ್ವಾದಗಳಿಂದಲೇ.

ಬ್ರೌಸರ್ ಕಟ್ಟುವವರು ಈ ಹೊತ್ತಿಗೆ ಕರ್ನಲ್‌ನ ಮೇಲೆ ಪೂರ್ತಿ ಭರವಸೆ ಇಡುವುದನ್ನು ಬಿಟ್ಟಿದ್ದರು. 2008ರಲ್ಲಿ ಬಂದ ಕ್ರೋಮ್, ಪುಟ ಬಿಡಿಸುವ ಪ್ರೊಸೆಸ್‌ಗಳನ್ನು ಬೇರ್ಪಡಿಸಿ, ಅವುಗಳ ಅಧಿಕಾರ ಕಿತ್ತು, ಸ್ಯಾಂಡ್‌ಬಾಕ್ಸ್‌ನಲ್ಲಿ ಕೂಡಿಹಾಕಿತು. ‘ಈ ಪ್ರೊಸೆಸ್ ವಿನ್32ಕೆಯನ್ನು ಕರೆಯುವುದೇ ಇಲ್ಲ, ಕರೆದರೆ ಬಿಡಬೇಡ’ ಎಂದು ಮೊದಲೇ ಹೇಳಿಡುವ ಸೌಲಭ್ಯವನ್ನು ವಿಂಡೋಸ್ 8 ಕೊಟ್ಟಿತು. ಕ್ರೋಮ್ ಅದನ್ನು ತನ್ನ ಪುಟ ಬಿಡಿಸುವ ಪ್ರೊಸೆಸ್‌ಗಳಿಗೆ ಅನ್ವಯಿಸಿತು. ಹೊರಗಿನ ಪುಟಗಳಿಗೆ ಕಂಪ್ಯೂಟರಿನೊಳಗಿನ ಫೈಲ್ ವಿಳಾಸಗಳನ್ನು ಕೇಳಲು ಇಂದಿನ ಬ್ರೌಸರ್‌ಗಳು ಬಿಡುವುದಿಲ್ಲ. ಯಾರನ್ನು ತಪ್ಪಿತಸ್ಥರೆಂದು ಕರೆಯುತ್ತಿದ್ದೆವೋ ಅವರೇ ಈಗ ಕರ್ನಲ್‌ಗೆ ಕಾವಲು ನಿಂತಿದ್ದಾರೆ.

ಆದರೆ ಕರ್ನಲ್‌ನೊಳಗೆ ಸೇರಿಕೊಂಡವರೆಲ್ಲ ಬ್ರೌಸರ್‌ನಷ್ಟು ಎಚ್ಚರದಿಂದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಡ್ರೈವರ್ ಹೊಸದಾಗಿ ಬಂದ ಮಾಹಿತಿ ಫೈಲೊಂದನ್ನು ಕರ್ನಲ್‌ನಲ್ಲೇ ಓದಲು ಹೋಗಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಕೈಯಿಂದಲೇ ನಡೆಯಬೇಕಾಯಿತು. ಅಲ್ಲಿ ವೆಬ್ ಪುಟದ ಪಾತ್ರವಿರಲಿಲ್ಲ. ಆದರೆ ಹೊರಗಿನಿಂದ ಬಂದ ಮಾಹಿತಿಯನ್ನು ಪರೀಕ್ಷಿಸದೆ ಪೂರ್ಣ ಅಧಿಕಾರದಲ್ಲಿ ಓದುವ ದೋಷ ಅದೇ, 18082563 ಎಂಬ ಎತ್ತರವನ್ನು ನುಂಗಿದ ದೋಷ.

ಮೈಕ್ರೋಸಾಫ್ಟ್ ಈಗ ವಿನ್32ಕೆಯ ಕೆಲವು ಭಾಗಗಳನ್ನು ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯುತ್ತಿದೆ. ಹಂಚಿಕೊಟ್ಟ ಮೆಮೊರಿಯ ಎಲ್ಲೆ ದಾಟಿ ಓದುವುದನ್ನೂ ಬರೆಯುವುದನ್ನೂ ಆ ಭಾಷೆ ತಾನೇ ತಡೆಯುತ್ತದೆ. 2025ರಲ್ಲಿ ಚೆಕ್ ಪಾಯಿಂಟ್ ಸಂಸ್ಥೆಯ ಸಂಶೋಧಕರು ಕೆಟ್ಟ ಅಳತೆಗಳಿದ್ದ ಚಿತ್ರಫೈಲೊಂದನ್ನು ಈ ಹೊಸ ಕೋಡ್‌ಗೆ ಕೊಟ್ಟಾಗ, ಎಲ್ಲೆ ಮೀರುವ ಪ್ರಯತ್ನವನ್ನು ರಸ್ಟ್ ಸರಿಯಾಗಿ ಹಿಡಿಯಿತು, ಹಿಡಿದು ಕೆಲಸ ನಿಲ್ಲಿಸಿತು. ಕರ್ನಲ್‌ನೊಳಗೆ ಹಾಗೆ ಕೆಲಸ ನಿಲ್ಲಿಸುವುದೆಂದರೆ ನೀಲಿ ಪರದೆಯೇ. 2011ರ ದೋಷ ಹೊರಗಿನವರಿಗೆ ಯಂತ್ರದ ಒಡೆತನವನ್ನೇ ಬಿಟ್ಟುಕೊಡಬಹುದಿತ್ತು. ಇದು ಯಂತ್ರವನ್ನು ಬೀಳಿಸಿತಷ್ಟೇ. 2025ರ ಮೇ ತಿಂಗಳಲ್ಲಿ ಇದಕ್ಕೂ ಪ್ಯಾಚ್ ಬಂದಿದೆ.